ಟಮ್ಮಾರ್ ವಾಲಬಿ: ಮರಿ ತೆಗೆದು 27 ದಿನ ಕಳೆದರೂ ಸಂಚಿ ಖಾಲಿಯಿದ್ದರೆ ದೋಷ ಎಲ್ಲಿದೆ?

ಕಾಂಗರೂ ವಂಶದ ಸಣ್ಣ ಸಂಚಿಪ್ರಾಣಿ ಟಮ್ಮಾರ್ ವಾಲಬಿಯ ಸಂಶೋಧನಾ ಹಿಂಡಿನಲ್ಲಿ ಪದೇ ಪದೇ ಎದುರಾಗುವ ತೊಂದರೆ ಒಂದಿದೆ. ಹೆಣ್ಣಿನ ಸಂಚಿಯಿಂದ ಮೊಲೆ ಹಿಡಿದಿರುವ ಮರಿಯನ್ನು ತೆಗೆಯುತ್ತಾರೆ. ಆ ದಿನವನ್ನು ಸೊನ್ನೆ ಎಂದು ಎಣಿಸಿದರೆ 26 ಅಥವಾ 27ನೇ ದಿನ ಆ ತಾಯಿ ಮತ್ತೆ ಈಯಬೇಕು. ಗರ್ಭಕೋಶದಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿ ಕಾದಿರುವ ಇನ್ನೊಂದು ಭ್ರೂಣ, ಮರಿ ಹೋದ ಮೇಲೆ ಮತ್ತೆ ಬೆಳೆಯುವುದೇ ಇದಕ್ಕೆ ಕಾರಣ. ಆದರೆ ಸಂಚಿ ಖಾಲಿ. ಇದು ಪ್ರಾಣಿ ನೈತಿಕತಾ ಸಮಿತಿಯ ಅನುಮತಿಯೊಂದಿಗೆ ಮಾತ್ರ ನಡೆಸುವ ಕೆಲಸ. ಆದ್ದರಿಂದ ಒಂದು ಪ್ರಯತ್ನ ವಿಫಲವಾದರೆ "ಮುಂದಿನ ಸಲ ನೋಡೋಣ" ಎಂದು ಬಿಡುವಂತಿಲ್ಲ. ಕಾರಣ ಕಂಡುಹಿಡಿಯಲೇಬೇಕು, ಕ್ರಮ ತಪ್ಪದೆ ಹುಡುಕಿದರೆ ಅದು ಬಹುಪಾಲು ಸಿಕ್ಕೇ ಸಿಗುತ್ತದೆ.

ಹುಡುಕುವ ಮೊದಲು ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂರಬೇಕು. ಹಸು, ಎಮ್ಮೆ, ಕುರಿಗಳಲ್ಲಿ ಕೆಲಸ ಮಾಡಿದವರು ಕಾರ್ಪಸ್ ಲೂಟಿಯಂ (ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನು ಸ್ರವಿಸುವ ಗಂಟು) ಕೆಲಸ ಮಾಡುತ್ತಿಲ್ಲ ಎಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರಬೇಕಾದ ಪ್ರಚೋದನೆ ಸಾಲದಾಗಿದೆ ಎಂದೇ ಮೊದಲು ಯೋಚಿಸುತ್ತಾರೆ. ಟಮ್ಮಾರ್‌ನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಕಾರ್ಪಸ್ ಲೂಟಿಯಂ ತಾನಾಗಿಯೇ ಬೆಳೆದು ಕೆಲಸ ಮಾಡಬಲ್ಲದು. ಪಿಟ್ಯುಟರಿ ಅದನ್ನು ತಡೆದು ಹಿಡಿದಿರುತ್ತದೆ. 1970ರ ದಶಕದಲ್ಲಿ ಸಂಶೋಧಕ ಹರ್ನ್ ಅವರು ಸುಪ್ತ ಸ್ಥಿತಿಯಲ್ಲಿದ್ದ ಹೆಣ್ಣುಗಳ ಪಿಟ್ಯುಟರಿಯನ್ನೇ ತೆಗೆದಾಗ ಕಾರ್ಪಸ್ ಲೂಟಿಯಂ ಎಚ್ಚರಗೊಂಡಿತು, ಗರ್ಭಕೋಶದಲ್ಲಿ ನಿಂತಿದ್ದ ಭ್ರೂಣ ಮತ್ತೆ ಬೆಳೆಯತೊಡಗಿತು. ತಡೆ ಹಾಕುವ ಹಾರ್ಮೋನು ಪ್ರೊಲ್ಯಾಕ್ಟಿನ್. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಹಾರ್ಮೋನು ಕಡಿಮೆಯಾಗಿದೆ?" ಎಂಬುದಲ್ಲ, "ಯಾವ ತಡೆ ಇನ್ನೂ ಬಿಟ್ಟಿಲ್ಲ?" ಎಂಬುದು. ಮುಂದಿನದೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದೇ ಸಾಗುತ್ತದೆ.

ಸರಿಯಾಗಿದ್ದರೆ ಏನೇನು ಆಗಬೇಕು

ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಟಮ್ಮಾರ್‌ಗಳು ಬಹುತೇಕ ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ಈಯುತ್ತವೆ. ಈದ ಕೆಲವೇ ಗಂಟೆಗಳಲ್ಲಿ ತಾಯಿ ಬೆದೆಗೆ ಬಂದು ಗಂಡನ್ನು ಸೇರುತ್ತದೆ. ಅದರ ನಂತರ ಒಂದೇ ಒಂದು ಅಂಡ ಬಿಡುಗಡೆಯಾಗುತ್ತದೆ, ಅದೂ ಈಗಷ್ಟೇ ಮರಿ ಹೊತ್ತ ಬದಿಯಿಂದಲ್ಲ, ಎದುರು ಬದಿಯ ಅಂಡಾಶಯದಿಂದ (ಟಮ್ಮಾರ್‌ಗೆ ಗರ್ಭಕೋಶವೂ ಎರಡು, ಬದಿಗೊಂದು). ಫಲಿತ ಅಂಡ ಸುಮಾರು ಎಂಟು ದಿನಗಳಲ್ಲಿ 80ರಿಂದ 100 ಕೋಶಗಳ, ಕಾಲು ಮಿಲಿಮೀಟರ್ ವ್ಯಾಸದ ಬ್ಲಾಸ್ಟೋಸಿಸ್ಟ್ (ಟೊಳ್ಳು ಚೆಂಡಿನಂಥ ಎಳೆ ಭ್ರೂಣ) ಆಗಿ ಅಲ್ಲಿಗೇ ನಿಲ್ಲುತ್ತದೆ. ಕೋಶಗಳದು ಒಂದೇ ಪದರ. ಸುತ್ತ ಲೋಳೆಯ ಹೊದಿಕೆ, ಅದರ ಹೊರಗೆ ಚಿಪ್ಪಿನ ಹೊದಿಕೆ. ಈ ಸ್ಥಿತಿಯಲ್ಲಿ ಅದು ಹನ್ನೊಂದು ತಿಂಗಳವರೆಗೆ ಇರಬಲ್ಲದು ಎಂಬುದನ್ನು ಸಂಶೋಧಕ ಬರ್ಗರ್ 1966ರಲ್ಲಿ ಪ್ರಕಟಿಸಿದರು.

ಮರಿಯನ್ನು ತೆಗೆದ ಮೇಲೆ ಮೊದಲ ಮೂರ್ನಾಲ್ಕು ದಿನ ಹೊರಗೆ ಏನೂ ಕಾಣುವುದಿಲ್ಲ, ಆದರೆ ಕಾರ್ಪಸ್ ಲೂಟಿಯಂ ಬೆಳೆಯುತ್ತಿರುತ್ತದೆ. ಐದಾರನೇ ದಿನದ ಹೊತ್ತಿಗೆ ರಕ್ತದಲ್ಲಿ ಪ್ರೊಜೆಸ್ಟರಾನ್ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ. ಗರ್ಭಕೋಶದ ಒಳಪದರ ಸ್ರವಿಸತೊಡಗುತ್ತದೆ, ಬ್ಲಾಸ್ಟೋಸಿಸ್ಟ್ ಹಿಗ್ಗುತ್ತದೆ. ಗರ್ಭದ ಎರಡನೇ ಅರ್ಧದಲ್ಲಿ ಪ್ರೊಜೆಸ್ಟರಾನ್ ಮತ್ತೆ ಮೇಲೇರಿ ನಿಲ್ಲುತ್ತದೆ. ಸುಮಾರು 18ನೇ ದಿನ ಚಿಪ್ಪಿನ ಹೊದಿಕೆ ಒಡೆದು ಭ್ರೂಣದ ಪೊರೆ ಗರ್ಭಕೋಶಕ್ಕೆ ನೇರವಾಗಿ ತಾಗುತ್ತದೆ. ಈಯುವ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್ (ಗರ್ಭಕೋಶವನ್ನು ಸಂಕುಚಿಸುವ ರಾಸಾಯನಿಕ) ಮತ್ತು ಪ್ರೊಲ್ಯಾಕ್ಟಿನ್ ಅಲ್ಪಕಾಲ ಜಿಗಿಯುತ್ತವೆ, ಪ್ರೊಜೆಸ್ಟರಾನ್ ಕುಸಿಯುತ್ತದೆ, ಬೆದೆ ತರುವ ಹಾರ್ಮೋನು ಈಸ್ಟ್ರಡಯಾಲ್ ಏರುತ್ತದೆ, ಮತ್ತೆ ಬೆದೆ.

ಮೊದಲು ಕ್ಯಾಲೆಂಡರ್ ನೋಡಿ

ರಕ್ತ ತೆಗೆಯುವ ಮೊದಲು ದಿನಾಂಕ ನೋಡಿ. ಖರ್ಚಿಲ್ಲದ ತಪಾಸಣೆ ಇದು, ಆದರೂ ಜನ ಇದನ್ನೇ ಬಿಟ್ಟು ಮುಂದೆ ಹೋಗುತ್ತಾರೆ.

ಟಮ್ಮಾರ್‌ನಲ್ಲಿ ತಡೆ ಎರಡು ಬಗೆಯದು. ವರ್ಷದ ಮೊದಲ ಅರ್ಧದಲ್ಲಿ, ಅಂದರೆ ಫೆಬ್ರವರಿಯಿಂದ ಮೇ ಕೊನೆಯವರೆಗೆ, ತಡೆ ಹಾಕುವುದು ಮರಿಯ ಚೀಪುವಿಕೆ. ಈ ಅವಧಿಯಲ್ಲಿ ಮರಿ ತೆಗೆದರೆ ತಡೆ ಬಿಡುತ್ತದೆ. ಜೂನ್‌ನಿಂದ ಡಿಸೆಂಬರ್ 22ರ ಸುಮಾರಿಗೆ ಬರುವ ದಕ್ಷಿಣದ ಬೇಸಿಗೆ ಅಯನ ಸಂಕ್ರಾಂತಿಯವರೆಗೆ ತಡೆ ಹಾಕುವುದು ಹಗಲಿನ ಉದ್ದ. ಆಗ ಮರಿ ಇರಲಿ ಬಿಡಲಿ, ಕಾರ್ಪಸ್ ಲೂಟಿಯಂ ಅಲುಗುವುದಿಲ್ಲ. ಜುಲೈನಲ್ಲಿ ಮರಿ ತೆಗೆದು ಆಗಸ್ಟಿನಲ್ಲಿ ಸಂಚಿ ಖಾಲಿ ಎಂದು ಚಿಂತಿಸುವವರ ಹಿಂಡಿನಲ್ಲಿ ಯಾವ ದೋಷವೂ ಇಲ್ಲ. ಆ ಹೆಣ್ಣು ಡಿಸೆಂಬರ್ ಕೊನೆಯಲ್ಲಿ ತಾನಾಗಿ ಎಚ್ಚರಗೊಂಡು ಜನವರಿ ಕೊನೆಯ ಹೊತ್ತಿಗೆ ಈಯುತ್ತದೆ. ಮೇ ಕೊನೆ, ಜೂನ್ ಆರಂಭದ ದಿನಗಳು ಗಡಿಯ ದಿನಗಳು. ಕೆಲವು ಹೆಣ್ಣುಗಳು ಸ್ಪಂದಿಸುತ್ತವೆ, ಕೆಲವು ಇಲ್ಲ. ಪ್ರಯೋಗಕ್ಕೆ ಆ ವಾರಗಳನ್ನು ಆರಿಸದಿರುವುದೇ ಒಳ್ಳೆಯದು.

ಉತ್ತರ ಗೋಳಾರ್ಧದ ಮೃಗಾಲಯಗಳಲ್ಲಿ ಈ ಪಂಚಾಂಗವನ್ನು ಆರು ತಿಂಗಳು ಸರಿಸಿ ಓದಬೇಕು. ಆಸ್ಟ್ರೇಲಿಯಾದ ಕೈಪಿಡಿಯ ತಿಂಗಳುಗಳನ್ನು ಹಾಗೇ ಬಳಸಿದರೆ ಎಲ್ಲವೂ ತಪ್ಪುತ್ತದೆ.

ಎಣಿಕೆಯಲ್ಲೂ ಒಂದು ಬಲೆ ಇದೆ. ಮರಿ ಹುಟ್ಟಿದ ಮೊದಲ ವಾರದಲ್ಲೇ ಅದು ಸತ್ತುಹೋದರೆ ಅಥವಾ ಅದನ್ನು ತೆಗೆದರೆ, ಹೊಸ ಭ್ರೂಣ ಇನ್ನೂ ನಿಂತೇ ಇರುವುದಿಲ್ಲ. ಅದು ನಿಲ್ಲದೆ ನೇರವಾಗಿ ಬೆಳೆಯುತ್ತಾ ಹೋಗುತ್ತದೆ. ಆಗ ಎಣಿಸಬೇಕಾದದ್ದು ಮರಿ ತೆಗೆದ ದಿನದಿಂದಲ್ಲ, ಗಂಡು ಸೇರಿದ ದಿನದಿಂದ. ಅಲ್ಲಿಂದ ಸುಮಾರು 29 ದಿನ.

ಚೀಪುವಿಕೆ ನಿಜವಾಗಿಯೂ ನಿಂತಿದೆಯೇ

ದಿನಾಂಕ ಸರಿಯಿದ್ದರೆ ಸಂಚಿಯೊಳಗೆ ನೋಡಿ. ಟಮ್ಮಾರ್‌ಗೆ ನಾಲ್ಕು ಮೊಲೆತೊಟ್ಟುಗಳು. ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿ. ಮರಿ ಹಿಡಿದಿದ್ದ ತೊಟ್ಟು ಉದ್ದವಾಗಿ ಎಳೆದಂತಿರುತ್ತದೆ, ಅದರ ಗ್ರಂಥಿ ಮಾತ್ರ ಊದಿರುತ್ತದೆ. ಮರಿ ತೆಗೆದು ವಾರವಾದರೂ ಗ್ರಂಥಿ ಸೊರಗದೆ, ಒತ್ತಿದರೆ ಹಾಲು ಬರುತ್ತಿದ್ದರೆ ಯಾರೋ ಕುಡಿಯುತ್ತಿದ್ದಾರೆ. ಸಂಚಿ ಬಿಟ್ಟು ಹೊರಗೆ ಓಡಾಡುವ ಹಿಂದಿನ ವರ್ಷದ ಮರಿ, ಅಥವಾ ಅದೇ ಆವರಣದ ಬೇರೆ ತಾಯಿಯ ಮರಿ ಸಂಚಿಗೆ ತಲೆ ಹಾಕುತ್ತಿರಬಹುದು. ಹೆಣ್ಣನ್ನು ಒಂಟಿಯಾಗಿ ಬೇರ್ಪಡಿಸದೆ ಇದನ್ನು ಅಲ್ಲಗಳೆಯಲಾಗದು.

ತಡೆ ಬಿಟ್ಟ ಮೊದಲ ಕೆಲವು ದಿನ ಅದನ್ನು ಮತ್ತೆ ಹಾಕಲು ಸಾಧ್ಯ. ಆ ದಿನಗಳಲ್ಲಿ ಮರಿಯನ್ನು ವಾಪಸ್ ಹಚ್ಚಿದರೆ ಅಥವಾ ಬೇರೆ ತಾಯಿಯ ಮರಿಯೊಂದನ್ನು ಆ ತಾಯಿಗೆ ಕೊಟ್ಟರೆ ಕಾರ್ಪಸ್ ಲೂಟಿಯಂ ಮತ್ತೆ ಮಲಗುತ್ತದೆ. ಐದಾರನೇ ದಿನದ ಪ್ರೊಜೆಸ್ಟರಾನ್ ಏರಿಕೆ ಒಮ್ಮೆ ಆಗಿಹೋದರೆ ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಹಿಂಡಿನ ದಾಖಲೆಯಲ್ಲಿ "ಮರಿ ತೆಗೆದ ದಿನ" ಮಾತ್ರವಲ್ಲ, ಆ ವಾರ ಆ ತಾಯಿಯ ಸಂಚಿಗೆ ಬೇರೇನಾದರೂ ಹೋಗಿತ್ತೇ ಎಂಬುದೂ ಇರಬೇಕು.

ರಕ್ತ ಪರೀಕ್ಷೆ: ಯಾವಾಗ, ಎಷ್ಟು, ಯಾವ ನಳಿಕೆಯಲ್ಲಿ

ಇಡೀ ತಪಾಸಣೆಯ ನಡುಗಂಬ ಪ್ರೊಜೆಸ್ಟರಾನ್. ಅದೇ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಕೂಡ ನೋಡೋಣ ಎಂದು ಹೊರಡುವವರಿಗೆ ಮೊದಲೇ ಹೇಳಿಬಿಡುವುದು ವಾಸಿ: ಹಗಲಿನಲ್ಲಿ ತೆಗೆದ ಒಂದು ಮಾದರಿ ಏನನ್ನೂ ಸಾಬೀತು ಮಾಡುವುದಿಲ್ಲ. ಎಳೆಯ ಮರಿ ಚೀಪುತ್ತಿರುವ ತಾಯಿಯ ರಕ್ತದಲ್ಲೂ ಪ್ರೊಲ್ಯಾಕ್ಟಿನ್ ಮಟ್ಟ ಕಡಿಮೆಯೇ. ಋತುವಿನ ತಡೆಯಲ್ಲಿ ಅದು ಬೆಳಗಿನ ಜಾವದ ಹೊತ್ತಿಗೆ ಸ್ವಲ್ಪ ಕಾಲ ಮಾತ್ರ ಜಿಗಿಯುತ್ತದೆ. ಹತ್ತು ಗಂಟೆಗೆ ಬಂದು ಸೂಜಿ ಹಾಕುವವರಿಗೆ ಆ ಜಿಗಿತ ಸಿಗುವುದಿಲ್ಲ. ಮನುಷ್ಯರಿಗಾಗಿ ಮಾಡಿದ ಪ್ರೊಲ್ಯಾಕ್ಟಿನ್ ಮತ್ತು ಅಂಡಾಶಯವನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕಿಟ್‌ಗಳು ಸಂಚಿಪ್ರಾಣಿಯ ಪ್ರೋಟೀನನ್ನು ಗುರುತಿಸುತ್ತವೆ ಎಂಬ ಭರವಸೆಯೂ ಇಲ್ಲ. ಪ್ರೊಜೆಸ್ಟರಾನ್ ಸ್ಟೆರಾಯ್ಡ್. ಅದರ ಅಣು ಎಲ್ಲ ಪ್ರಾಣಿಗಳಲ್ಲೂ ಒಂದೇ, ಹಾಗಾಗಿ ಆ ತೊಡಕು ಇಲ್ಲ.

ತೊಡಕಿರುವುದು ಪ್ರಮಾಣದಲ್ಲಿ. ಟಮ್ಮಾರ್‌ನ ಪ್ರೊಜೆಸ್ಟರಾನ್ ಗರ್ಭದ ಕಾಲದಲ್ಲೂ ಸಾಮಾನ್ಯವಾಗಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಒಳಗೇ ಇರುತ್ತದೆ. ನಾವು ಹುಡುಕುವ ಏರಿಕೆ ಕೆಲವು ನೂರು ಪಿಕೋಗ್ರಾಂ ಮಾತ್ರ. ಮಹಿಳೆಯರ ಅಥವಾ ಹಸುಗಳ ಪರೀಕ್ಷೆಗೆ ಹೊಂದಿಸಿದ ಯಂತ್ರ ಇದನ್ನೆಲ್ಲ "ಕನಿಷ್ಠ ಮಟ್ಟಕ್ಕಿಂತ ಕಡಿಮೆ" ಎಂದು ಒಂದೇ ಸಾಲಿನಲ್ಲಿ ಮುದ್ರಿಸಿ ಕೊಡುತ್ತದೆ. ಅದನ್ನು ನೋಡಿ ಅಂಡಾಶಯ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸಿದರೆ ದೊಡ್ಡ ತಪ್ಪಾಗುತ್ತದೆ. ಪ್ಲಾಸ್ಮಾವನ್ನು (ರಕ್ತಕಣ ಬೇರ್ಪಡಿಸಿದ ದ್ರವ) ಮೊದಲು ದ್ರಾವಕದಿಂದ ಸೆಳೆದು ಸಾಂದ್ರಗೊಳಿಸಿ, ಆಮೇಲೆ ಸೂಕ್ಷ್ಮ ಇಮ್ಯುನೋ ಪರೀಕ್ಷೆಗೆ ಒಡ್ಡಬೇಕು. ಟಮ್ಮಾರ್ ಪ್ಲಾಸ್ಮಾವನ್ನು ಹಂತಹಂತವಾಗಿ ತೆಳುಗೊಳಿಸಿದಾಗ ಬರುವ ರೇಖೆ ಪ್ರಮಾಣಿತ ರೇಖೆಗೆ ಸಮಾಂತರವಾಗಿದೆಯೇ ಎಂದು ಒಮ್ಮೆಯಾದರೂ ನೋಡಿರಬೇಕು.

ಬಾಲದ ಬದಿಯ ರಕ್ತನಾಳದಿಂದ 2 ಮಿಲಿಲೀಟರ್ ಸಾಕು. ಪ್ರಾಣಿಯನ್ನು ಗೋಣಿಯಂಥ ದಪ್ಪ ಚೀಲದಲ್ಲಿ ಕತ್ತಲಾಗಿಟ್ಟರೆ ಅದು ಶಾಂತವಾಗಿರುತ್ತದೆ. ಬೆನ್ನಟ್ಟಿ ಹಿಡಿಯಬೇಡಿ, ಕಾಂಗರೂ ವಂಶದ ಪ್ರಾಣಿಗಳಲ್ಲಿ ಆ ಓಟವೇ ಸ್ನಾಯು ಕೊಳೆತಕ್ಕೆ, ಸಾವಿಗೆ ಕಾರಣವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ನಳಿಕೆ ಬಳಸಿ. ಜೆಲ್ ತುಂಬಿದ ನಳಿಕೆ ಬೇಡ, ಅದರ ಜೆಲ್ ಪ್ರೊಜೆಸ್ಟರಾನನ್ನು ಹೀರಿಕೊಳ್ಳುತ್ತದೆ. ಇಷ್ಟು ಕಡಿಮೆ ಮಟ್ಟದಲ್ಲಿ ಆ ನಷ್ಟ ಫಲಿತಾಂಶವನ್ನೇ ಬದಲಿಸಬಲ್ಲದು. ಬೇಗ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್ ಮಾಡಿ ಇಡಿ.

ದಿನಗಳ ಆಯ್ಕೆಯೇ ಅತಿ ಮುಖ್ಯ. ಮರಿ ತೆಗೆಯುವ ಮುನ್ನ ಒಂದು ಮಾದರಿ, ಮೂರನೇ ದಿನದಿಂದ ಎಂಟನೇ ದಿನದವರೆಗೆ ದಿನಕ್ಕೊಂದು, ಆಮೇಲೆ ಮೂರು ದಿನಕ್ಕೊಂದು, 24ರಿಂದ ಮತ್ತೆ ದಿನಕ್ಕೊಂದು. ವಾರಕ್ಕೊಮ್ಮೆ ತೆಗೆದರೆ ಮೊದಲ ಏರಿಕೆ ಎರಡು ಮಾದರಿಗಳ ನಡುವೆ ಜಾರಿಹೋಗುತ್ತದೆ.

ರೇಖೆಯನ್ನು ಓದುವುದು

ಎಂಟು ದಿನಗಳ ರೇಖೆ ಚಪ್ಪಟೆಯಾಗಿದ್ದರೆ ಕಾರ್ಪಸ್ ಲೂಟಿಯಂ ಎಚ್ಚರಗೊಂಡಿಲ್ಲ. ಮತ್ತೆ ಕ್ಯಾಲೆಂಡರ್, ಚೀಪುವಿಕೆ, ಬೆಳಕು ಈ ಮೂರಕ್ಕೇ ಹಿಂದಿರುಗಿ. ಮೂರೂ ಸರಿಯಿದ್ದರೆ ಕಾರ್ಪಸ್ ಲೂಟಿಯಂ ಇದೆಯೇ ಎಂಬುದೇ ಪ್ರಶ್ನೆ. ಹಿಂದಿನ ಸಲ ಈದ ಮೇಲೆ ಅಂಡ ಬಿಡುಗಡೆಯೇ ಆಗಿರದಿದ್ದರೆ ಎಚ್ಚರಗೊಳ್ಳಲು ಏನೂ ಇರುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ವಿಧಾನ) ಎರಡೂ ಅಂಡಾಶಯ ನೋಡಿದರೆ ಉತ್ತರ ಸಿಗುತ್ತದೆ: ಸುಪ್ತ ಕಾರ್ಪಸ್ ಲೂಟಿಯಂ ಚಿಕ್ಕದಾದರೂ ಉಬ್ಬಿದ ಗಂಟಾಗಿ ಒಂದು ಬದಿಯಲ್ಲಿ ಮಾತ್ರ ಕಾಣುತ್ತದೆ.

ಮೊದಲ ಏರಿಕೆ ಸ್ಪಷ್ಟವಾಗಿದೆ, ಎರಡನೇ ಏರಿಕೆಯೂ ಇದೆ, ಆದರೆ 27ನೇ ದಿನ ಮರಿಯಿಲ್ಲ, ಒಂದೆರಡು ದಿನ ತಡವಾಗಿ ಬೆದೆ ಬಂದಿದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪ್ರೊಜೆಸ್ಟರಾನ್ ಏರಿದೆಯಲ್ಲ, ಹಾಗಾದರೆ ಗಬ್ಬ ನಿಂತಿತ್ತು, ಮಧ್ಯೆ ಕಳೆದುಹೋಗಿದೆ ಎಂದು ಬರೆದುಬಿಡುತ್ತಾರೆ. ಆ ರೇಖೆ ಹೇಳುವುದು ಕಾರ್ಪಸ್ ಲೂಟಿಯಂ ಬಗ್ಗೆ ಮಾತ್ರ. ಹಸುವಿನಲ್ಲಿ ಭ್ರೂಣವೇ ಸಂಕೇತ ಕಳಿಸಿ ಕಾರ್ಪಸ್ ಲೂಟಿಯಂ ಆಯಸ್ಸನ್ನು ಹೆಚ್ಚಿಸುತ್ತದೆ. ಟಮ್ಮಾರ್‌ನಲ್ಲಿ ಗರ್ಭದ ಅವಧಿ ಒಂದು ಬೆದೆಚಕ್ರದೊಳಗೇ ಮುಗಿಯುವುದರಿಂದ ಅಂಥ ಏರ್ಪಾಡೇ ಇಲ್ಲ. ಭ್ರೂಣ ಇರಲಿ ಇಲ್ಲದಿರಲಿ ಮೊದಲ ಏರಿಕೆ ಬರುತ್ತದೆ, ಎರಡನೆಯದೂ ಬರುತ್ತದೆ. ವ್ಯತ್ಯಾಸ ಕಾಣುವುದು ಕೊನೆಯಲ್ಲಿ: ಭ್ರೂಣ ಇದ್ದವುಗಳಲ್ಲಿ ಕುಸಿತ ಹೆರಿಗೆಯ ಹೊತ್ತಿಗೇ ಥಟ್ಟನೆ ಆಗುತ್ತದೆ, ಇಲ್ಲದವುಗಳಲ್ಲಿ ತಡವಾಗಿ, ನಿಧಾನವಾಗಿ. ಬೆದೆಯೂ ಅದಕ್ಕೆ ತಕ್ಕಂತೆ ಹಿಂದೆ ಬೀಳುತ್ತದೆ.

ಏರಿಕೆಗಳು ಸರಿ, ಕುಸಿತ 26 ಅಥವಾ 27ಕ್ಕೇ, ಬೆದೆಯೂ ಆಗಲೇ. ಹಾಗಿದ್ದರೆ ಅದು ಈಯ್ದಿದೆ. ಹುಡುಕಬೇಕಾದದ್ದು ಕಳೆದುಹೋದ ಮರಿಯನ್ನು.

ಭ್ರೂಣವೇ ಇರಲಿಲ್ಲ ಎಂದಾದರೆ

ಈ ದೋಷ ಈ ತಿಂಗಳದ್ದಲ್ಲ. ಈಗ ಎಚ್ಚರಗೊಳ್ಳಬೇಕಿದ್ದ ಭ್ರೂಣ ಹುಟ್ಟಿಕೊಳ್ಳಬೇಕಾದದ್ದು ಈಗ ತೆಗೆದ ಮರಿ ಹುಟ್ಟಿದ ದಿನ. ಆದ್ದರಿಂದ ದಾಖಲೆಯಲ್ಲಿ ಆ ಮರಿಯ ಹುಟ್ಟಿದ ದಿನಕ್ಕೆ ಹೋಗಿ: ಅಂದು ಆವರಣದಲ್ಲಿ ಪ್ರೌಢ ಗಂಡಿತ್ತೇ? ಹೆಣ್ಣು ಟಮ್ಮಾರ್ ಎಂಟು ಒಂಬತ್ತು ತಿಂಗಳಿಗೇ ಬೆದೆಗೆ ಬರುತ್ತದೆ, ಗಂಡು ಪ್ರೌಢವಾಗಲು ಸುಮಾರು ಎರಡು ವರ್ಷ ಬೇಕು. ಮೈ ದೊಡ್ಡದಾದ ಒಂದು ವರ್ಷದ ಗಂಡನ್ನು ನಂಬಿ ಹಿಂಡು ಬಿಟ್ಟರೆ ಎಲ್ಲ ಹೆಣ್ಣುಗಳೂ ಖಾಲಿ ಗರ್ಭಕೋಶ, ಕೆಲಸ ಮಾಡುವ ಕಾರ್ಪಸ್ ಲೂಟಿಯಂ ಹೊತ್ತು ಕೂರುತ್ತವೆ. ಒಂದು ಹೆಣ್ಣಲ್ಲ, ಆವರಣದ ಹೆಣ್ಣುಗಳೆಲ್ಲ ಒಟ್ಟಿಗೆ ವಿಫಲವಾದರೆ ಗಂಡನ್ನೇ ಮೊದಲು ಶಂಕಿಸಿ.

ಬೆದೆ ಈದ ಕೆಲವೇ ಗಂಟೆಗಳಲ್ಲಿ ಬಂದು ಮುಗಿದುಹೋಗುವುದರಿಂದ, ಮರಿ ಕಂಡ ಮೇಲೆ ಮರುದಿನ ಗಂಡನ್ನು ಬಿಡುವುದು ತಡವಾಯಿತೆಂದೇ ಲೆಕ್ಕ. 24ನೇ ದಿನದಿಂದಲೇ ಗಂಡು ಒಳಗಿರಲಿ, 31ರವರೆಗೂ ಇರಲಿ. ಸೇರಿದ್ದನ್ನು ಖಚಿತಪಡಿಸಲು ಜನನಾಂಗದ ದ್ವಾರದಲ್ಲಿ ಗಟ್ಟಿಯಾದ, ಬಿಳಿಚಿಕೊಂಡ ವೀರ್ಯದ ಬಿರಡೆ ಇದೆಯೇ ನೋಡಿ. ಅದು ಬಿದ್ದುಹೋಗಿದ್ದರೆ ಸ್ವಲ್ಪ ಲವಣದ್ರಾವಣ ಹಾಕಿ ತೊಳೆದು, ಆ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ವೀರ್ಯಾಣು ಹುಡುಕಿ. ಇಷ್ಟನ್ನು ಅಂದೇ ಬರೆದಿಟ್ಟಿದ್ದರೆ ತಿಂಗಳುಗಳ ನಂತರದ ತಪಾಸಣೆ ಅರ್ಧ ಮುಗಿದಂತೆ.

ಈಯ್ದಿದೆ, ಮರಿಯಿಲ್ಲ

ನವಜಾತ ಮರಿಯ ತೂಕ ಸುಮಾರು 0.4 ಗ್ರಾಂ, ಉದ್ದ ಒಂದೂವರೆ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ಒಂದು ಅವರೆಕಾಳಿನಷ್ಟು. ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಆದರೆ ಅದು ಬಂದುಹೋದ ಗುರುತು ತಾಯಿಯ ಮೇಲಿರುತ್ತದೆ. ಬಹುದಿನ ಬಳಸದ ಸಂಚಿಯೊಳಗೆ ಕಂದು ಬಣ್ಣದ ಮೇಣದಂಥ ಜಿಡ್ಡು ಕಟ್ಟಿರುತ್ತದೆ. ಈಯುವ ಹೊತ್ತಿಗೆ ತಾಯಿ ತಲೆ ತೂರಿಸಿ ನೆಕ್ಕಿ ನೆಕ್ಕಿ ಅದನ್ನು ತೆಗೆಯುತ್ತದೆ. ಒಳಗಿನ ಚರ್ಮ ನಸುಗೆಂಪಾಗಿ, ತೇವವಾಗಿ, ಸ್ವಚ್ಛವಾಗಿದ್ದರೆ ಹೆರಿಗೆ ಆಗಿದೆ ಅಥವಾ ಹತ್ತಿರವಿದೆ. ಜನನಾಂಗದಿಂದ ಸಂಚಿಯ ಬಾಯಿಯವರೆಗಿನ ತುಪ್ಪಳದಲ್ಲಿ ಒಣಗಿದ ದ್ರವ ಅಥವಾ ರಕ್ತದ ಎಳೆ ಇದೆಯೇ ನೋಡಿ. ನಾಲ್ಕು ತೊಟ್ಟುಗಳಲ್ಲಿ ಯಾವುದಾದರೂ ಒಂದರ ತುದಿ ಹೊಸದಾಗಿ ಊದಿದ್ದರೆ ಮರಿ ಹಿಡಿದು, ಆಮೇಲೆ ಬಿದ್ದಿದೆ.

ಟಮ್ಮಾರ್ ಸೊಂಟವನ್ನು ಮುಂದಕ್ಕೆ ಬಾಗಿಸಿ, ಬಾಲವನ್ನು ಕಾಲುಗಳ ನಡುವಿನಿಂದ ಮುಂದೆ ತಂದು ಕುಳಿತು ಈಯುತ್ತದೆ. ಮರಿ ತಾನೇ ತೆವಳಿ ಕೆಲವೇ ನಿಮಿಷಗಳಲ್ಲಿ ಸಂಚಿ ಸೇರುತ್ತದೆ. ಆ ನಿಮಿಷಗಳಲ್ಲಿ ಯಾರಾದರೂ ಹತ್ತಿರ ಬಂದು ತಾಯಿ ಎದ್ದು ಜಿಗಿದರೆ ಮರಿ ಉದುರುತ್ತದೆ. 25ರಿಂದ 28ನೇ ದಿನದವರೆಗೆ ಹಿಡಿದು ಪರೀಕ್ಷಿಸುವುದನ್ನು ದಿನಕ್ಕೊಮ್ಮೆಗೆ, ಒಂದೇ ಹೊತ್ತಿಗೆ ಸೀಮಿತಗೊಳಿಸಿ. ಉಳಿದ ಹೊತ್ತು ಕ್ಯಾಮೆರಾ ನೋಡಿಕೊಳ್ಳಲಿ. ನಾಯಿ ಬೊಗಳುವ, ಯಂತ್ರ ಓಡುವ ಆವರಣದಲ್ಲಿ ಈ ನಷ್ಟ ಮರುಕಳಿಸುತ್ತಲೇ ಇರುತ್ತದೆ.

ಬೆಳಕಿನ ಕೊಠಡಿಯಲ್ಲಿ ಕೆಟ್ಟರೆ

ಋತುವಿನ ತಡೆಯನ್ನು ಕೃತಕವಾಗಿ ಬಿಡಿಸಲು ಹೆಣ್ಣುಗಳನ್ನು 15 ಗಂಟೆ ಬೆಳಕು, 9 ಗಂಟೆ ಕತ್ತಲಿನಿಂದ 12:12ಕ್ಕೆ ತರುತ್ತಾರೆ. ರಾತ್ರಿ ಉದ್ದವಾದಾಗ ಮಿದುಳಿನ ಪೀನಿಯಲ್ ಗ್ರಂಥಿಯ ಮೆಲಟೋನಿನ್ ಹಾರ್ಮೋನಿನ ಸ್ರಾವವೂ ಉದ್ದವಾಗುತ್ತದೆ, ಕೆಲವೇ ದಿನಗಳಲ್ಲಿ ಬೆಳಗಿನ ಪ್ರೊಲ್ಯಾಕ್ಟಿನ್ ಜಿಗಿತ ಮಾಯವಾಗುತ್ತದೆ. ಇಲ್ಲಿ ಕೆಡುವುದು ಹೆಚ್ಚಾಗಿ ಪ್ರಾಣಿಯಲ್ಲ, ಕೊಠಡಿ. ಬಾಗಿಲ ಸಂದಿಯಿಂದ ಬರುವ ಕಾವಲು ದೀಪ, ಕತ್ತಲಲ್ಲಿ ಮೇವು ಹಾಕಲು ಬಂದವರು ಹೊತ್ತಿಸಿದ ಟ್ಯೂಬ್‌ಲೈಟ್, ಕರೆಂಟು ಹೋಗಿ ಬಂದ ಮೇಲೆ ಸಮಯ ತಪ್ಪಿದ ಟೈಮರ್. ಇವೆಲ್ಲ ಪ್ರಾಣಿಯ ಪಾಲಿಗೆ ರಾತ್ರಿಯನ್ನು ಮೊಟಕು ಮಾಡುತ್ತವೆ. ಬೆಳಕು ದಾಖಲಿಸುವ ಸಣ್ಣ ಯಂತ್ರವೊಂದನ್ನು ಪ್ರಾಣಿಯ ತಲೆಯ ಮಟ್ಟದಲ್ಲಿ ಒಂದು ವಾರ ಇಟ್ಟು ನೋಡಿ. ದಿನ ಎಣಿಸುವಾಗ ಸೊನ್ನೆಯನ್ನು ಬೆಳಕು ಬದಲಿಸಿದ ದಿನಕ್ಕೇ ಹಾಕಿ 26ಕ್ಕೆ ಕಾಯಬೇಡಿ. ತಡೆ ಬಿಡಲು ಹಿಡಿಯುವ ದಿನಗಳನ್ನೂ ಸೇರಿಸಿ ಕಾಯಬೇಕು.

ಔಷಧಿಗೆ ಕೈ ಹಾಕುವ ಮುನ್ನ

ಚೀಪುವಿಕೆಯ ತಡೆಯೇ ಕಾರಣವೆಂದು ಅನುಮಾನವಿದ್ದರೆ, ಪಶುವೈದ್ಯರ ಉಸ್ತುವಾರಿಯಲ್ಲಿ ಬ್ರೊಮೊಕ್ರಿಪ್ಟಿನ್ ಒಂದು ಪರೀಕ್ಷೆಯಾಗಿ ನಿಲ್ಲುತ್ತದೆ. ಕಿಲೋಗೆ 5 ಮಿಲಿಗ್ರಾಂನಂತೆ ಸ್ನಾಯುವಿಗೆ ಒಂದೇ ಚುಚ್ಚುಮದ್ದು ಕೊಟ್ಟರೆ ಪ್ರೊಲ್ಯಾಕ್ಟಿನ್ ತಗ್ಗುತ್ತದೆ, ಮರಿ ಸಂಚಿಯಲ್ಲಿದ್ದರೂ ಕಾರ್ಪಸ್ ಲೂಟಿಯಂ ಎಚ್ಚರಗೊಳ್ಳುತ್ತದೆ. ಕೊಟ್ಟ ನಂತರದ ವಾರದಲ್ಲಿ ಪ್ರೊಜೆಸ್ಟರಾನ್ ಏರಿಕೆ ಕಂಡರೆ ಅಂಡಾಶಯ ಸರಿಯಿದೆ, ಚೀಪುವಿಕೆ ನಿಂತಿರಲಿಲ್ಲ ಎಂದರ್ಥ. ಇದನ್ನು ಫೆಬ್ರವರಿಯಿಂದ ಮೇವರೆಗಿನ ಅವಧಿಗೆ ಮಾತ್ರ ಬಳಸಿ. ಗರ್ಭದ ಕೊನೆಯ ದಿನಗಳಲ್ಲಿ ಖಂಡಿತ ಕೊಡಬೇಡಿ. ಹೆರಿಗೆಯ ಹೊತ್ತಿನ ಪ್ರೊಲ್ಯಾಕ್ಟಿನ್ ಜಿಗಿತ ಇಲ್ಲವಾದರೆ ಹಾಲು ಇಳಿಯದೆ ಹುಟ್ಟಿದ ಮರಿ ಉಳಿಯುವುದಿಲ್ಲ.

ಕಾರ್ಪಸ್ ಲೂಟಿಯಂಗೆ ಬಲ ಕೊಡೋಣ ಎಂದು ಎಲ್‌ಎಚ್ ಗುಣದ ಚುಚ್ಚುಮದ್ದು ಕೊಡುವುದರಲ್ಲಿ ಅರ್ಥವಿಲ್ಲ. ಅದು ಆ ಬೆಂಬಲವನ್ನು ಕೇಳುತ್ತಲೇ ಇಲ್ಲ. ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟರೆ ಬ್ಲಾಸ್ಟೋಸಿಸ್ಟ್ ಹಿಗ್ಗಬಹುದು, ಆದರೆ ಭ್ರೂಣ ಬೆಳೆಯುವುದು ಒಂದು ಕೆಲಸ, ಹೆರಿಗೆಯಾಗುವುದು ಇನ್ನೊಂದು. ಮೊದಲ ವಾರ ಕಳೆದ ಮೇಲೆ ಕಾರ್ಪಸ್ ಲೂಟಿಯಂ ತೆಗೆದರೂ ಭ್ರೂಣ ಪೂರ್ಣ ಬೆಳೆಯುತ್ತದೆ, ಆದರೆ ಹೊರಬರಲಾಗದೆ ಒಳಗೇ ಸಾಯುತ್ತದೆ. ಚುಚ್ಚುಮದ್ದಿನಿಂದ ಎಬ್ಬಿಸಿದ ಭ್ರೂಣದ ಹಿಂದೆ ಮಲಗಿಯೇ ಉಳಿದ ಕಾರ್ಪಸ್ ಲೂಟಿಯಂ ಇದ್ದರೆ ಅದೇ ಗತಿ. 27 ದಾಟಿ, ಪ್ರೊಜೆಸ್ಟರಾನ್ ಕುಸಿದು, ಹೆರಿಗೆಯ ಯಾವ ಗುರುತೂ ಇಲ್ಲದೆ ತಾಯಿ ಮಂಕಾಗಿದ್ದರೆ ಕಾಯಬೇಡಿ. ಎರಡೂ ಗರ್ಭಕೋಶಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಅಂದೇ ನೋಡಿಸಿ, ಕಾರ್ಪಸ್ ಲೂಟಿಯಂ ಇರುವ ಬದಿಯಿಂದ ಶುರುಮಾಡಿ. ಭ್ರೂಣವಿದ್ದರೆ ಆ ಬದಿಯಲ್ಲೇ ಇರುತ್ತದೆ.